ಬೆಳಗಾವಿ ರಸ್ತೆಗೆ 911 ಕರೇರಾ ಸಾಕೋ, ಕರೇರಾ ಎಸ್ ಬೇಕೋ?

ನಿಮ್ಮ ಪ್ರಶ್ನೆಯನ್ನು ಹೀಗೆ ತಿಳಿದುಕೊಂಡೆ: ಉದ್ಯಮಬಾಗದಲ್ಲಿ ಕಾರ್ಖಾನೆ, ಆಗಾಗ ಯರಗಟ್ಟಿ–ಲೋಕಾಪುರ ಹಾಯ್ದು ಬಾಗಲಕೋಟೆಗೆ ಓಡಾಟ, ಬಿಡುವಿದ್ದಾಗ ಚೋರ್ಲಾ ಘಾಟ್ ಇಳಿದು ಗೋವಾ. ಕಣ್ಣಿಟ್ಟಿರುವುದು ಸೆಕೆಂಡ್ ಹ್ಯಾಂಡ್ ಪೋರ್ಶ 911 ಮೇಲೆ, 992 ಪೀಳಿಗೆಯ ಮೊದಲ ಆವೃತ್ತಿ. ಬೇಸ್ ಕರೇರಾ ತಗೊಳ್ಳಲೋ, ಕರೇರಾ ಎಸ್ ತಗೊಳ್ಳಲೋ ಅನ್ನುವುದು ಗೊಂದಲ.

ಬೇಸ್ ತಗೊಳ್ಳಿ. ಆದರೆ ಮುಂದಿನ ಆಕ್ಸಲ್ ಲಿಫ್ಟ್ (ಗುಂಡಿ ಒತ್ತಿದರೆ ಕಾರಿನ ಮೂತಿ ಎತ್ತುವ ವ್ಯವಸ್ಥೆ) ಇರಲೇಬೇಕು, ಗಾಲಿ ಮುಂದೆ 19 ಇಂಚು, ಹಿಂದೆ 20 ಇಂಚಿನವು ಇರಬೇಕು. ಲಿಫ್ಟ್ ಇಲ್ಲದ ಬೇಸ್‌ಗಿಂತ ಲಿಫ್ಟ್ ಇರುವ ಎಸ್ ನಿಮಗೆ ಮೇಲು.

ಎಂಜಿನ್ ವಿಷಯ ಬೇಗ ಮುಗಿಸುತ್ತೇನೆ, ಎಲ್ಲರೂ ಅದನ್ನೇ ಮಾತಾಡುತ್ತಾರೆ. ಎರಡರಲ್ಲೂ ಎರಡು ಟರ್ಬೊ ಇರುವ 3.0 ಲೀಟರಿನ ಆರು ಸಿಲಿಂಡರ್ ಎಂಜಿನ್. ಎಸ್‌ನ ಟರ್ಬೊಗಳು ದೊಡ್ಡವು. ಬೇಸ್‌ಗೆ 385 ಪಿಎಸ್ ಪವರ್, 450 ಎನ್ಎಂ ಟಾರ್ಕ್ (ಎಳೆಯುವ ಬಲ). ಎಸ್‌ಗೆ 450 ಪಿಎಸ್, 530 ಎನ್ಎಂ. ಮಾರುವವರು ಬರೀ '450' ಎಂದು ಬರೆದಿದ್ದರೆ ಅದು ಪವರ್ರೋ ಟಾರ್ಕೋ ಕೇಳಿಕೊಳ್ಳಿ. ಪಿಡಿಕೆ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ 100 ಕಿ.ಮೀ. ವೇಗ ಮುಟ್ಟಲು ಬೇಸ್‌ಗೆ 4.2 ಸೆಕೆಂಡು, ಎಸ್‌ಗೆ 3.7. ಸ್ಪೋರ್ಟ್ ಕ್ರೋನೊ ಪ್ಯಾಕೇಜ್ ಇದ್ದರೆ ಎರಡರಲ್ಲೂ 0.2 ಸೆಕೆಂಡು ಉಳಿಯುತ್ತದೆ. ನಾಲ್ಕು ಪಥದ ಹೆದ್ದಾರಿಯಲ್ಲಿ ಕೇಂದ್ರ ಸರ್ಕಾರ ಕಾರಿಗೆ ಇಟ್ಟಿರುವ ಗರಿಷ್ಠ ಮಿತಿಯೇ ಗಂಟೆಗೆ 100 ಕಿ.ಮೀ. ಅಲ್ಲಿಗೆ ಈ ಅರ್ಧ ಸೆಕೆಂಡಿನ ಲೆಕ್ಕ ಮುಗಿಯಿತು. ಯಾರೂ ಹೇಳದ ಇನ್ನೊಂದು ಮಾತಿದೆ: ಬೇಸ್‌ನ ಪೂರ್ತಿ ಟಾರ್ಕ್ 1,950 ಆರ್‌ಪಿಎಂನಿಂದಲೇ ಸಿಗುತ್ತದೆ, ಎಸ್‌ನದು 2,300ರಿಂದ. ಕಬ್ಬಿನ ಟ್ರ್ಯಾಕ್ಟರ್ ಹಿಂದೆ ನಿಧಾನ ಹೋಗುತ್ತ ಸಂದಿ ಸಿಕ್ಕ ಕೂಡಲೇ ಮುಂದೆ ಹಾಯಬೇಕಾದಲ್ಲಿ ಬೇಸ್ ಎಲ್ಲೂ ಕಡಿಮೆ ಬೀಳುವುದಿಲ್ಲ.

ನಮ್ಮ ಭಾಗದಲ್ಲಿ ನಿಜವಾಗಿ ದುಡ್ಡು ತಿನ್ನುವುದು ಗಾಲಿ. ಬೇಸ್‌ನ ಮೂಲ ಟೈರ್ ಮುಂದೆ 235/40 ಆರ್19, ಹಿಂದೆ 295/35 ಆರ್20. ಎಸ್‌ನದು ಮುಂದೆ 245/35 ಆರ್20, ಹಿಂದೆ 305/30 ಆರ್21. ಮೊದಲ ಅಂಕಿ ಮಿ.ಮೀ. ಲೆಕ್ಕದ ಅಗಲ, ಎರಡನೆಯದು ಶೇಕಡಾವಾರು; ಅಗಲವನ್ನು ಶೇಕಡಾವಾರಿನಿಂದ ಗುಣಿಸಿದರೆ ಟೈರಿನ ಪಕ್ಕದ ಗೋಡೆಯ ಎತ್ತರ ಬರುತ್ತದೆ. ಬೇಸ್‌ನಲ್ಲಿ ಮುಂದೆ 94, ಹಿಂದೆ 103 ಮಿ.ಮೀ.; ಎಸ್‌ನಲ್ಲಿ ಮುಂದೆ 86, ಹಿಂದೆ 91.5 ಮಿ.ಮೀ. ಒಂದು ಸೆಂಟಿಮೀಟರ್ ಏನು ಮಹಾ ಅನ್ನಬೇಡಿ. ಗುಂಡಿಯ ಚೂಪು ಅಂಚಿಗೆ ಬಡಿದಾಗ ಟೈರ್ ರಿಮ್ಮಿನ ತುಟಿಗೂ ಡಾಂಬರಿಗೂ ನಡುವೆ ಚಿವುಟಿದಂತಾಗಿ ಒಳಗಿನ ಎಳೆಗಳು ಕಡಿಯುತ್ತವೆ. ಆ ಹೊತ್ತಿಗೆ ಏನೂ ಕಾಣುವುದಿಲ್ಲ. ಕೆಲವು ದಿನ ಬಿಟ್ಟು ಪಕ್ಕದಲ್ಲಿ ಬುಗುಟು ಏಳುತ್ತದೆ. ಬುಗುಟು ಎದ್ದ ಟೈರಿಗೆ ರಿಪೇರಿ ಇಲ್ಲ, ಎಸೆಯುವುದೇ. ಗೋಡೆ ಎತ್ತರ ಇದ್ದಷ್ಟೂ ಈ ಚಿವುಟು ತಪ್ಪುತ್ತದೆ. ಮಳೆಗಾಲದ ನಂತರದ ಜಾಂಬೋಟಿ–ಚೋರ್ಲಾ ರಸ್ತೆಯಲ್ಲಿ ಈ ಸೆಂಟಿಮೀಟರಿನ ಬೆಲೆ ತಿಳಿಯುತ್ತದೆ.

911ರಲ್ಲಿ ಸ್ಟೆಪ್ನಿ ಇಲ್ಲ. ಇರುವುದು ಟೈರಿನೊಳಗೆ ತುಂಬುವ ಸೀಲೆಂಟ್ ಮತ್ತು ಚಿಕ್ಕ ಕಂಪ್ರೆಸರ್. ಮೊಳೆ ಚುಚ್ಚಿದರೆ ಅದು ನಡೆಯುತ್ತದೆ, ಪಕ್ಕದ ಗೋಡೆ ಸೀಳಿದರೆ ನಡೆಯುವುದಿಲ್ಲ. ಫ್ಲಾಟ್‌ಬೆಡ್ ಗಾಡಿ ಕರೆಸಬೇಕು. ಮುಂದಿನ ಹಿಂದಿನ ಅಳತೆ ಬೇರೆಯಾದ್ದರಿಂದ ಅದಲುಬದಲು ಮಾಡಲಿಕ್ಕೂ ಬರುವುದಿಲ್ಲ. ಎನ್0, ಎನ್1 ಎಂಬ ಪೋರ್ಶ ಗುರುತಿನ ಟೈರನ್ನೇ ಹಾಕಿ. ಒಂದೇ ಆಕ್ಸಲ್‌ನ ಎರಡೂ ಒಂದೇ ಕಂಪನಿ, ಒಂದೇ ಮಾದರಿಯವು ಇರಲಿ. ಮುಂದಿನದೊಂದು, ಹಿಂದಿನದೊಂದು ಟೈರ್ ಮನೆಯಲ್ಲಿ ತಂದಿಡುವುದು ಇಲ್ಲಿ ದುಂದಲ್ಲ.

ಒಂದು ಎಚ್ಚರಿಕೆ. ಬೇಸ್ ಕರೇರಾ ಕೊಂಡವರಲ್ಲಿ ಎಷ್ಟೋ ಜನ ಚಂದ ಕಾಣಲೆಂದು 20–21 ಇಂಚಿನ ಗಾಲಿಯನ್ನೇ ಹಾಕಿಸಿರುತ್ತಾರೆ. ಅಂಥ ಗಾಡಿ ಸಿಕ್ಕರೆ 19–20ರ ಸೆಟ್ಟಿಗೆ ಮರಳಬಹುದು, ಬ್ರೇಕ್ ಚಿಕ್ಕದಿರುವುದರಿಂದ ಒಳಗೆ ಜಾಗವಿದೆ. ಬೆಲೆ ಮಾತಾಡುವಾಗ ಆ ಖರ್ಚು ಕಳೆಯಿರಿ. ನೋಡಲು ಹೋದಾಗ ಗಾಡಿ ಎತ್ತಿಸಿ ರಿಮ್ಮಿನ ಒಳಗಿನ ತುಟಿಗೆ ಟಾರ್ಚ್ ಬಿಡಿ. ಹೊರಗೆ ಹೊಳೆಯುವ ರಿಮ್ ಒಳಗೆ ಬಾಗಿರಬಹುದು. 80–100 ವೇಗದಲ್ಲಿ ಸ್ಟೀರಿಂಗ್ ನಡುಗಿದರೆ ಮೊದಲ ಅನುಮಾನ ಅದೇ. ಕಾಯಿಸಿ ಬಡಿದು ನೆಟ್ಟಗೆ ಮಾಡಿದ, ವೆಲ್ಡ್ ಹಚ್ಚಿದ ಅಲಾಯ್ ರಿಮ್ ಈ ಗಾಡಿಗೆ ಬೇಡ.

ಇನ್ನು ಲಿಫ್ಟ್. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಲೆಕ್ಕದ ಹಂಪ್ 3.7 ಮೀಟರ್ ಉದ್ದ, 10 ಸೆಂ.ಮೀ. ಎತ್ತರ ಇರಬೇಕು. ನಮ್ಮ ಊರುಗಳ ಮುಂದೆ ಒಂದೇ ರಾತ್ರಿಯಲ್ಲಿ ಹುಟ್ಟುವ ಹಂಪ್‌ಗಳಿಗೆ ಆ ಲೆಕ್ಕ ಯಾರು ಹೇಳಬೇಕು? ಲಿಫ್ಟ್ ಮೂತಿಯನ್ನು ಸುಮಾರು 40 ಮಿ.ಮೀ. ಎತ್ತುತ್ತದೆ, ನಿಧಾನ ವೇಗದಲ್ಲಿ ಮಾತ್ರ. ಹೊಟ್ಟೆಯನ್ನು ಅಷ್ಟು ಎತ್ತುವುದಿಲ್ಲ. ಆದ್ದರಿಂದ ಗಿಡ್ಡ ಕಡಿದಾದ ಹಂಪ್ ಮೇಲೆ ಓರೆಯಾಗಿ, ಒಂದೊಂದೇ ಗಾಲಿ ಏರಿಸಿ. 2,450 ಮಿ.ಮೀ. ವೀಲ್‌ಬೇಸ್ ಚಿಕ್ಕದಾದ್ದರಿಂದ ಬಹಳ ಕಡೆ ದಾಟುತ್ತದೆ. ಇದು ಕಾರ್ಖಾನೆಯಲ್ಲೇ ಕೂರಬೇಕಾದದ್ದು, ಆಮೇಲೆ ಹಾಕಿಸುತ್ತೇನೆ ಅನ್ನುವ ಲೆಕ್ಕ ಇಟ್ಟುಕೊಳ್ಳಬೇಡಿ. ಪರೀಕ್ಷೆ ಸುಲಭ: ಎಂಜಿನ್ ಚಾಲೂ ಮಾಡಿ ಗುಂಡಿ ಒತ್ತಿ, ಎರಡೂ ಬದಿ ಸಮ ಎದ್ದಿತೇ ನೋಡಿ, ಐದು ನಿಮಿಷ ಬಿಡಿ. ಒಂದು ಬದಿ ಇಳಿದಿದ್ದರೆ ಸೋರಿಕೆ ಇದೆ.

ಎಸ್‌ನ ನಿಜವಾದ ಗಳಿಕೆ ಬ್ರೇಕ್ ಮತ್ತು ಡಿಫರೆನ್ಶಿಯಲ್. ಬೇಸ್‌ನಲ್ಲಿ 330 ಮಿ.ಮೀ. ಡಿಸ್ಕ್, ಅದನ್ನು ಹಿಡಿಯುವ ನಾಲ್ಕು ಪಿಸ್ಟನ್ನಿನ ಕ್ಯಾಲಿಪರ್. ಎಸ್‌ನಲ್ಲಿ 350 ಮಿ.ಮೀ., ಮುಂದೆ ಆರು ಪಿಸ್ಟನ್. ಹಿಂದಿನ ಎರಡು ಗಾಲಿಗೆ ಬಲ ಹಂಚುವ ಎಲೆಕ್ಟ್ರಾನಿಕ್ ಲಾಕಿಂಗ್ ಡಿಫರೆನ್ಶಿಯಲ್ ಎಸ್‌ಗೆ ತಾನಾಗಿ ಬರುತ್ತದೆ. ಕೊಯಮತ್ತೂರಿನ ಕರಿ ರೇಸ್ ಟ್ರ್ಯಾಕಿಗೋ ಚೆನ್ನೈ ಟ್ರ್ಯಾಕಿಗೋ ವರ್ಷಕ್ಕೆ ನಾಲ್ಕಾರು ಸಲ ಒಯ್ಯುವವರಿದ್ದರೆ ನನ್ನ ಉತ್ತರ ತಿರುಗಿ ಎಸ್ ಆಗುತ್ತದೆ, ಪವರ್‌ಗಾಗಿ ಅಲ್ಲ, ಸುತ್ತಿನ ಮೇಲೆ ಸುತ್ತು ಬಿಸಿ ತಡೆಯುವ ಬ್ರೇಕಿಗಾಗಿ. ಘಾಟ್ ಇಳಿಯಲು ಬೇಸ್‌ನ ಬ್ರೇಕ್ ಧಾರಾಳ ಸಾಕು: ಪಿಡಿಕೆಯನ್ನು ಮ್ಯಾನುವಲ್‌ಗೆ ಹಾಕಿ ಗೇರ್ ಇಳಿಸಿ, ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಿಸಿ. ಹಳೆಯ ಆಯಿಲ್ ನೀರು ಹೀರಿರುತ್ತದೆ, ಬಿಸಿಯಾದಾಗ ಆ ನೀರು ಆವಿಯಾಗಿ ಪೆಡಲ್ ಮೆತ್ತಗಾಗುತ್ತದೆ. ಘಾಟಿನಲ್ಲಿ ಬ್ರೇಕ್ ಹಿಡಿಯಲಿಲ್ಲ ಅಂದರೆ ಡಿಸ್ಕ್ ಸಣ್ಣದು ಅನ್ನುವ ಮುನ್ನ ಆಯಿಲ್ ನೋಡಿ.

ಹಿಂದಿನ ಅಕ್ಷರ ನೋಡಿ ಎಸ್ ಎಂದು ನಂಬಬೇಡಿ, ಬ್ಯಾಡ್ಜ್ ಅಂಟಿಸುವುದು ಐದು ನಿಮಿಷದ ಕೆಲಸ. ಮೂಲ ಬಣ್ಣದಲ್ಲಿ ಬೇಸ್‌ನ ಕ್ಯಾಲಿಪರ್ ಕಪ್ಪು, ಎಸ್‌ನದು ಕೆಂಪು, ಸೆರಾಮಿಕ್ ಬ್ರೇಕಾದರೆ ಹಳದಿ. ಬಣ್ಣವನ್ನೂ ಹಚ್ಚಬಹುದು, ಆದ್ದರಿಂದ ಡಿಸ್ಕಿನ ಅಡ್ಡಳತೆಯನ್ನೇ ಅಳೆಯಿರಿ. ಚಾಸಿ ನಂಬರ್ ಕೊಟ್ಟು ಅಧಿಕೃತ ಸರ್ವಿಸ್‌ನವರಿಂದ ಮೂಲ ಆಯ್ಕೆಗಳ ಪಟ್ಟಿ ತೆಗೆಸಿದರೆ ಲಿಫ್ಟ್, ಸ್ಪೋರ್ಟ್ ಕ್ರೋನೊ, ಗಾಲಿ ಎಲ್ಲ ಬಯಲಾಗುತ್ತದೆ. ಅದೇ ಹೊತ್ತಿಗೆ ಎಂಜಿನ್ ಕಂಪ್ಯೂಟರಿನ ಓವರ್‌ರೆವ್ ದಾಖಲೆಯನ್ನೂ (ಎಂಜಿನ್ ಮಿತಿ ಮೀರಿ ತಿರುಗಿದ ಲೆಕ್ಕ) ಓದಿಸಿ. ಬೇಸ್‌ಗೆ ರೀಮ್ಯಾಪ್ ಹೊಡೆಸಿ, ಅಂದರೆ ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿ, ಎಸ್ ಮಾಡುತ್ತೇವೆ ಅನ್ನುವವರಿದ್ದಾರೆ. ಚಿಕ್ಕ ಟರ್ಬೊ ಚಿಕ್ಕದೇ ಇರುತ್ತದೆ, ವಾರಂಟಿ ಮಾತ್ರ ಹೋಗುತ್ತದೆ. ಹಾಗೆ ಮಾಡಿಸಿದ ಗಾಡಿ ಬಿಟ್ಟುಬಿಡಿ.

ಎರಡಕ್ಕೂ ಒಂದೇ ಆದ ನಮ್ಮೂರಿನ ತೊಂದರೆಯೊಂದಿದೆ. ಮುಂದಿನ ಬಂಪರಿನ ಎಡಬಲ ಬಾಯಿಗಳ ಹಿಂದೆ ರೇಡಿಯೇಟರ್, ಎಸಿ ಕಂಡೆನ್ಸರ್ ಇವೆ. ಕಬ್ಬಿನ ಹಂಗಾಮಿನಲ್ಲಿ ರಸ್ತೆ ಮೇಲಿನ ರವದಿ (ಕಬ್ಬಿನ ಒಣ ಗರಿ), ಲೋಕಾಪುರದ ಕಡೆಯ ಸುಣ್ಣದಕಲ್ಲಿನ ಧೂಳು ಅಲ್ಲಿ ಹೋಗಿ ಕೂರುತ್ತವೆ. ಕೂತ ಕಸ ಮಳೆಯಲ್ಲಿ ನೆಂದು ಕಂಡೆನ್ಸರಿನ ತೆಳು ಅಲ್ಯೂಮಿನಿಯಂ ತಿನ್ನುತ್ತದೆ, ಬೇಸಿಗೆಯಲ್ಲಿ ಎಸಿ ತಣ್ಣಗಾಗುವುದಿಲ್ಲ. ಹಂಗಾಮು ಮುಗಿದ ಮೇಲೆ ವ್ಯಾಕ್ಯೂಮ್ ಮತ್ತು ಮೆತ್ತನೆ ಬ್ರಷ್‌ನಿಂದ ತೆಗೆಸಿ. ಪ್ರೆಶರ್ ವಾಷರ್ ಹತ್ತಿರ ಹಿಡಿದರೆ ಕಂಡೆನ್ಸರಿನ ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ. ಕಲ್ಲು ತಡೆಯಲು ಸ್ಟೀಲ್ ಜಾಲರಿ ಕೂರಿಸಬಹುದು.

ಪೆಟ್ರೋಲ್ ಮುಚ್ಚಳದ ಒಳಗಿನ ಸ್ಟಿಕ್ಕರಿನಲ್ಲಿ ಎಷ್ಟು ಶೇಕಡಾ ಎಥೆನಾಲ್ ನಡೆಯುತ್ತದೆಂದು ಬರೆದಿರುತ್ತದೆ, ಕೊಳ್ಳುವ ಮುನ್ನ ಓದಿ. ಈಗ ಬಂಕಿನಲ್ಲಿ ಬರುವುದು ಶೇ. 20 ಎಥೆನಾಲ್, ನಮ್ಮ ಸಕ್ಕರೆ ಕಾರ್ಖಾನೆಗಳೇ ಕೊಟ್ಟದ್ದಿರಬಹುದು. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಅರ್ಧ ಟ್ಯಾಂಕಿನಲ್ಲಿ ನಿಲ್ಲಿಸಬೇಡಿ. ಖಾಲಿ ಜಾಗದ ಗಾಳಿಯ ತೇವವನ್ನು ಎಥೆನಾಲ್ ಹೀರುತ್ತದೆ.

ಮಹಾರಾಷ್ಟ್ರದ ಗಾಡಿ ತಂದರೆ ಅಲ್ಲಿಯ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ ತೆಗೆಸಿ, ಬೆಳಗಾವಿಯ ಕೆಎ 22 ನಂಬರಿಗೆ ಬದಲಿಸಬೇಕು. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಜೀವಾವಧಿ ತೆರಿಗೆ ಶೇ. 18, ಅದರ ಮೇಲೆ ಸೆಸ್. ಹಳೆಯ ಗಾಡಿಗೆ ವಯಸ್ಸಿನ ಪ್ರಕಾರ ಕಡಿಮೆ. ಈ ಲೆಕ್ಕ ಹಿಡಿಯುವುದು ಗಾಡಿಯ ಮೂಲ ಬೆಲೆಯ ಮೇಲೆ, ನೀವು ಚೌಕಾಶಿ ಮಾಡಿ ಕೊಟ್ಟ ಬೆಲೆಯ ಮೇಲಲ್ಲ. ಹಾಗಾಗಿ ಅಗ್ಗಕ್ಕೆ ಸಿಕ್ಕ ಎಸ್‌ನ ಕಾಗದಪತ್ರದ ಖರ್ಚು ಅಗ್ಗವಾಗಿರುವುದಿಲ್ಲ. ಮುಂಗಡ ಕೊಡುವ ಮುನ್ನ ಚಾಸಿ ನಂಬರ್ ಹಿಡಿದು ಆರ್‌ಟಿಒದಲ್ಲಿ ಮೊತ್ತ ಕೇಳಿಕೊಂಡು ಬನ್ನಿ.