ಆ್ಯಂಟ್ಸಿ ಅಂದ್ರೆ ಟೆನ್ಷನ್ ಅಲ್ಲ

ಮೀಟಿಂಗಿನಲ್ಲಿ ಮ್ಯಾನೇಜರ್ ನಿಮ್ಮನ್ನ 'ಆ್ಯಂಟ್ಸಿ' (antsy) ಅಂದರಂತೆ, ಅದು ಬೈಗುಳವಾ ಅಂತ ಕೇಳಿದ್ದೀರಿ. ಅಲ್ಲ. ನಮ್ಮ ಕಡೆ 'ಅಂಡು ಸುಟ್ಟ ಬೆಕ್ಕಿನ ಥರ ಆಡ್ತಾನೆ' ಅಂತೀವಲ್ಲ, ಅದೇ. ಅಮೆರಿಕದವರಿಗೆ ಬೆಕ್ಕಿನ ಬದಲು ಚಡ್ಡಿಯೊಳಗೆ ಇರುವೆ. ನಮ್ಮ 'ಇರುವೆ ಬಿಟ್ಕೊಳ್ಳೋದು' ಬೇರೆ, ಅದು ಬೇಡದ ತಾಪತ್ರಯ ಎಳ್ಕೊಳ್ಳೋದು. ಇದು ಬರೀ ಚಡಪಡಿಕೆ.

ಮಂಡ್ಯದವರಿಗೆ ಇದಕ್ಕೂ ಟೆನ್ಷನ್ನಿಗೂ ಇರೋ ವ್ಯತ್ಯಾಸ ಹೇಳೋದು ಸುಲಭ. ಕನ್ನಂಬಾಡಿ ಕಟ್ಟೆ ಈ ಸಲ ತುಂಬಿ 124.80 ಅಡಿ ಮುಟ್ಟುತ್ತೋ ಇಲ್ವೋ ಅಂತ ಜೂನಿಂದ ಹೊಟ್ಟೆಯೊಳಗೆ ಕೂರುತ್ತಲ್ಲ, ಅದು ಆ್ಯಂಕ್ಷಸ್ (anxious), ನಾವು 'ಟೆನ್ಷನ್' ಅನ್ನೋ ಆತಂಕ. ವಿ.ಸಿ. ನಾಲೆಗೆ ನೀರು ಬಿಟ್ಟಾಯ್ತು, ನಮ್ಮ ತೂಬಿಗೆ ಇನ್ನೂ ಬಂದಿಲ್ಲ ಅಂತ ಪಂಚೆ ಎತ್ತಿಕಟ್ಟಿ ಏರಿ ಮೇಲೆ ಓಡಾಡೋದು ಆ್ಯಂಟ್ಸಿ.

ಗೆಟ್, ಫೀಲ್ ಜೊತೆ ಬಳಸಿ. 'ಕ್ಲೈಂಟ್ ಆ್ಯಂಟ್ಸಿ ಆಗ್ತಿದ್ದಾರೆ' ಅಂದರೆ ಅವರ ತಾಳ್ಮೆ ಮುಗೀತಿದೆ, ಬೇಗ ಕೆಲಸ ಕೊಡಿ ಅಂತ. ಯಾರದೋ ತಾಯಿ ಐಸಿಯುನಲ್ಲಿದ್ದಾಗ ಈ ಪದ ಬಾಯಿಗೆ ತರಬೇಡಿ, ಹಗುರವಾಗಿ ಕೇಳಿಸುತ್ತೆ. 'ನರ್ವಿ'ಯೂ (nervy) ಬೇಡ: ಬ್ರಿಟನ್ನಿನಲ್ಲಿ ಅದು ಅಳುಕು, ಇಲ್ಲಿ ಅಮೆರಿಕದಲ್ಲಿ ಉದ್ಧಟತನ.

 

ಪದ ತಪ್ಪಿದರೆ ನಿಜವಾದ ನಷ್ಟ ಡಾಕ್ಟರ ಹತ್ತಿರ. ಬಂದ ಹೊಸದರಲ್ಲಿ ನಾನೂ ಎಲ್ಲದಕ್ಕೂ 'ಟೆನ್ಷನ್' ಅಂತಿದ್ದೆ. ಹಾಗಂದರೆ ಇಲ್ಲಿನ ಡಾಕ್ಟರು ಕತ್ತು, ಭುಜ ಬಿಗಿದಿದೆಯಾ ಅಂತ ಒತ್ತಿ ನೋಡಿಬಿಡಬಹುದು. ಆ್ಯಂಕ್ಷಸ್ ಅನ್ನಿ. ಎದೆ ಡವಡವ ವಾರಕ್ಕೆ ಎಷ್ಟು ಸಲ, ರಾತ್ರಿ ಎಷ್ಟು ಗಂಟೆಗೆ ಎಚ್ಚರ ಆಗುತ್ತೆ, ಅದನ್ನ ಹೇಳಿ. ಆತಂಕ ಎಷ್ಟಿದೆ ಅಂತ ಅಳೆಯೋ ಜಿಎಡಿ-7 (GAD-7) ಅನ್ನೋ ಹಾಳೆ ಕೊಡಬಹುದು: ಹಿಂದಿನ 2 ವಾರದ ಬಗ್ಗೆ 7 ಪ್ರಶ್ನೆ, ಒಂದೊಂದಕ್ಕೆ 0ಯಿಂದ 3 ಅಂಕ. ಐದನೆಯದಂತೂ ಕೂತಲ್ಲಿ ಕೂರಲಾಗದ ಚಡಪಡಿಕೆಯದೇ. 'ಹಲವು ದಿನ' ಆಗಿದ್ದರೆ 1, 'ಹೆಚ್ಚುಕಮ್ಮಿ ದಿನಾ' ಆದರೆ 3. ಒಟ್ಟು 10 ಅಥವಾ ಮೇಲೆ ಬಂದರೆ ಸಾಮಾನ್ಯವಾಗಿ ಕೂರಿಸಿ ವಿಚಾರಿಸ್ತಾರೆ. ನಮ್ಮ ಜನ ಊರಿಂದ ಫೋನ್ ಬಂದಾಗ 'ಚೆನ್ನಾಗಿದ್ದೀನವ್ವ' ಅಂದ ಹಾಗೇ ಇಲ್ಲೂ ಸಾಲಾಗಿ ಸೊನ್ನೆ ಸುತ್ತಿ ಎದ್ದು ಬರ್ತಾರೆ. ಬಾಯಿಬಿಟ್ಟು ಹೇಳದೆ ಹೋದರೆ ಡಾಕ್ಟರಿಗೆ ಕಾಣೋದು ಆ ಹಾಳೆ ಮಾತ್ರ. ನಾನು ಸುತ್ತಿದ ಏಳು ಸೊನ್ನೆ ಇನ್ನೂ ಕಣ್ಣ ಮುಂದಿವೆ.