120 ಫ್ಲಾಟಿಗೆ ಗೊಬ್ಬರದ ಜಾಗ ಬಿಡಲೇಬೇಕಾ? – ಪ್ರತಿಕ್ರಿಯೆ
ಬೆಂಗಳೂರಿನ ನಿಮ್ಮ ಜಾಗದಲ್ಲಿ ಬಿಲ್ಡರ್ ಜೊತೆ 120 ಫ್ಲಾಟ್ ಕಟ್ಟಿಸುತ್ತಿದ್ದೀರಿ, ಗೊಬ್ಬರದ ಘಟಕಕ್ಕೆ ಜಾಗ ಬಿಡಲೇಬೇಕಾ ಅಂತ ಕೇಳಿದ್ದೀರಿ ಅಲ್ವಾ? ಹೌದು, ಜಾಗ ಬಿಡಿ, ಅದೂ ಈಗಲೇ ಪ್ಲಾನಿನಲ್ಲಿ ತೋರಿಸಿ.

ಘನತ್ಯಾಜ್ಯ ನಿಯಮದಲ್ಲಿ ಕಸ ದಿನಕ್ಕೆ 100 ಕೆಜಿ ದಾಟಿದರೆ ಬಲ್ಕ್, ಅಂದರೆ ಭಾರೀ ಪ್ರಮಾಣದಲ್ಲಿ ಕಸ ಮಾಡುವವರ ಲೆಕ್ಕ. ಮನೆಗೆ ಒಂದು ಕೆಜಿ ಅಂದರೂ ದಾಟಿತು. ಹಸಿ ಕಸವನ್ನು ಆದಷ್ಟೂ ಕಾಂಪೌಂಡಿನ ಒಳಗೇ ಗೊಬ್ಬರ ಇಲ್ಲವೇ ಗ್ಯಾಸ್ ಮಾಡಬೇಕು.

ನಮ್ಮ ಬಿಲ್ಡರ್ ಕೊಟ್ಟಿದ್ದು ಬೇಸ್‌ಮೆಂಟಿನ ಒಂದು ಮೂಲೆ. ನಲ್ಲಿ ಇಲ್ಲ, ನೀರು ಹೋಗಲು ದಾರಿ ಇಲ್ಲ. ಕಸದಿಂದ ಇಳಿದ ಕಪ್ಪು ನೀರು ಕಾರುಗಳ ಕೆಳಗೆ ಹರಿಯಿತು. ಮೂರೇ ತಿಂಗಳಿಗೆ ಬಾಗಿಲು ಹಾಕಿದೆವು. ಆಮೇಲೆ ನೆಲ ಒಡೆದು ಪೈಪ್ ಹಾಕಿಸಿದ ಖರ್ಚು ನಮ್ಮ ತಲೆಗೇ ಬಂತು.

ನೆಲಮಟ್ಟದಲ್ಲಿ, ಗಾಳಿ ಆಡುವ ಕಡೆ ಕೇಳಿ. ನಲ್ಲಿ, ಕರೆಂಟ್ ಪಾಯಿಂಟ್, ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ಕಡೆಗೆ ಇಳಿಜಾರು, ಹಸಿ ಕಸಕ್ಕೆ ಬೆರೆಸುವ ತೆಂಗಿನ ನಾರಿನ ಪುಡಿಯ ಮೂಟೆ ಇಡಲು ಜಾಗ, ಇಷ್ಟು ಬೇಕೇ ಬೇಕು. ಒಣ ಕಸಕ್ಕೆ ಬೇರೆ ಕೋಣೆ. (ಆನ್‌ಲೈನ್ ಶಾಪಿಂಗ್ ರಟ್ಟಿನ ಡಬ್ಬಗಳೇ ಒಂದು ಗುಡ್ಡ ಆಗುತ್ತವೆ!) ಇದೆಲ್ಲ ಸುಮ್ನೆ ಬಾಯಿಮಾತಲ್ಲಿ ಬೇಡ, ಅಗ್ರಿಮೆಂಟಿನಲ್ಲೇ ಬರೆಸಿಕೊಳ್ಳಿ.