ನಿದ್ದೆ ಬಂದಿದೆ ಎಂದು ಹೇಳಲಾಗದ ಹುಡುಗ

ಈ ಯುವಕನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಊರು, ವಯಸ್ಸು, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಅವನು ಆಡಿದ ಒಂದು ಮಾತನ್ನು ಮಾತ್ರ ಇದ್ದಂತೆಯೇ ಉಳಿಸಿಕೊಂಡಿದ್ದೇನೆ. ಗಿಣಿಗೇರಿಯ ಸುತ್ತ ಉಕ್ಕಿನ ಕಾರ್ಖಾನೆಗಳು, ಗಂಗಾವತಿ ಮತ್ತು ಕಾರಟಗಿಯಲ್ಲಿ ಅಕ್ಕಿ ಗಿರಣಿಗಳು ಇರುವ ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಓದು ಅರ್ಧಕ್ಕೆ ನಿಂತ ಹುಡುಗರಿಗೆ ಮೊದಲು ಕಣ್ಣಿಗೆ ಬೀಳುವ ಕೆಲಸಗಳಲ್ಲಿ ಲಾರಿಯೂ ಒಂದು. ದೂರದ ಲಾರಿಗೆ ಹೊರಟವರನ್ನು ತಾಯಂದಿರೋ ಹೆಂಡಂದಿರೋ ಆಪ್ತಸಲಹೆಗಾರ್ತಿಯಾದ ನನ್ನ ಬಳಿಗೆ ಕರೆತರುತ್ತಾರೆ. ಎಲ್ಲರೂ ಕೇಳುವುದು ಒಂದೇ: ‘ಇವನಿಗೆ ಬುದ್ಧಿ ಹೇಳ್ರಿ.’

ಈತ ಪಿಯುಸಿ ಬಿಟ್ಟು ಎಂಟು ತಿಂಗಳು ಕ್ಲೀನರ್ ಆಗಿದ್ದವನು. ಇವನ ತಂದೆ ಗಣಿಯ ದಿನಗಳಲ್ಲಿ ಸಾಲ ಮಾಡಿ ಟಿಪ್ಪರ್ ಕೊಂಡಿದ್ದರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದ ಮೇಲೆ ಕಂತು ಕಟ್ಟಲಾಗದೆ ಅದನ್ನು ಕಳೆದುಕೊಂಡರು. ಹೀಗಾಗಿ ಲಾರಿ ಎಂಬ ಶಬ್ದವೇ ಆ ತಾಯಿಗೆ ಬೇಡವಾಗಿತ್ತು. ಅದರ ಮೇಲೆ, ಮಗ ಒಂದು ತಿಂಗಳಿನಿಂದ ರಾತ್ರಿ ಮಲಗುತ್ತಿರಲಿಲ್ಲ. ಸರಳು ತುಂಬಿದ ಲಾರಿ ಪುಣೆಗೆ ಹೊರಟಿದ್ದಾಗ, ನಿಪ್ಪಾಣಿ ದಾಟಿದ ಮೇಲೆ ಬೆಳಗಿನ ಜಾವ ಮೂರರ ಹೊತ್ತಿಗೆ ಹಿರಿಯ ಚಾಲಕ ಸ್ಟೇರಿಂಗನ್ನು ಇವನ ಕೈಗೆ ಕೊಟ್ಟು ಹಿಂದೆ ಮಲಗಿದ್ದ. ಇವನಲ್ಲಿ ಭಾರಿ ವಾಹನದ ಲೈಸೆನ್ಸ್ ಇರಲಿಲ್ಲ. ಕಣ್ಣು ಮುಚ್ಚಿದ್ದು ಎಷ್ಟು ಹೊತ್ತೋ ಅವನಿಗೆ ತಿಳಿಯದು. ಚಕ್ರ ಡಾಂಬರು ಬಿಟ್ಟು ಮಣ್ಣಿಗಿಳಿದ ಸದ್ದಿಗೆ ಎಚ್ಚರವಾಯಿತು. ಯಾರಿಗೂ ಏನೂ ಆಗಲಿಲ್ಲ.

ತಾಯಿಗೆ ಮಗ ಆ ಕೆಲಸ ಬಿಡಬೇಕಿತ್ತು, ಮಗನಿಗೆ ಭಯ ಬಿಡಬೇಕಿತ್ತು. ಮೊದಲೆರಡು ಭೇಟಿಗಳಲ್ಲಿ ನಾನು ಭಯದ ಬೆನ್ನು ಹತ್ತಿದೆ. ರಸ್ತೆ, ಕತ್ತಲೆ, ಘಾಟಿಗಳ ಬಗ್ಗೆ ಕೇಳಿದೆ, ಉಸಿರಾಟದ ಅಭ್ಯಾಸ ಹೇಳಿಕೊಟ್ಟೆ. ಅದು ತಪ್ಪು ದಾರಿಯಾಗಿತ್ತು. ಮೂರನೆಯ ಭೇಟಿಯಲ್ಲಿ ಅವನೇ ತಡೆದು ಹೇಳಿದ: ‘ಗಾಡಿ ಹೊಡ್ಯಾಕ ನನಗ ಹೆದರಿಕಿ ಇಲ್ರಿ ಮೇಡಂ. ನಿದ್ದಿ ಬರಾಕತ್ತೈತಿ ಅಂತ ಹೇಳಾಕ ಹೆದರಿಕಿ.’

ಆ ರಾತ್ರಿ ಯಾರಿಗೆ ಹೇಳಬೇಕಿತ್ತು ಎಂದು ಕೇಳಿದೆ. ‘ಮಾಮಾಗ. ಎಬ್ಬಿಸಿದ್ರ, ಇವನ ಕೈಲೆ ಆಗಂಗಿಲ್ಲ ಅಂತ ಮಾಲಕರ ಮುಂದ ಹೇಳ್ತಿದ್ದ’ ಎಂದ. ಮಾಮಾ ಎಂದರೆ ಆ ಹಿರಿಯ ಚಾಲಕ. ನಾನು ಆ ಮಾಮಾ ಆಗಿ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತು, ನನ್ನನ್ನು ಎಬ್ಬಿಸಲು ಹೇಳಿದೆ. ಮೊದಲ ಸಲ ಅವನಿಗೆ ದನಿಯೇ ಬರಲಿಲ್ಲ. ಎರಡನೆಯ ಸಲ ‘ಸಿಟ್ಟಾಗಬ್ಯಾಡ ಮಾಮಾ’ ಎಂದು ಆರಂಭಿಸಿ ಅಲ್ಲಿಯೇ ನಿಂತ. ಮೂರನೆಯ ಸಲ ‘ನಿದ್ದಿ ಬರಾಕತ್ತೈತಿ, ಗಾಡಿ ಸೈಡಿಗೆ ಹಾಕ್ಲ್ಯಾ?’ ಎಂದು ಕೇಳಿದ. ನಾನು ಕಣ್ಣು ತೆರೆಯದೆ ‘ಇನ್ನೊಂದು ಹತ್ತು ಕಿಲೋಮೀಟರ್ ಹೊಡಿ’ ಎಂದೆ. ಅವನು ತಲೆಯಾಡಿಸಿ, ಇಲ್ಲದ ಸ್ಟೇರಿಂಗನ್ನು ಮತ್ತೆ ಹಿಡಿದು ಕುಳಿತ. ಆಗ ಇಬ್ಬರಿಗೂ ವಿಷಯ ಅರ್ಥವಾಯಿತು. ‘ಹಾಕ್ಲ್ಯಾ’ ಎಂದು ಕೇಳಿದರೆ ಬೇಡ ಎನ್ನಲು ಎದುರಿನವನಿಗೆ ಅವಕಾಶವಿದೆ. ಗಾಡಿಯನ್ನು ನಿಲ್ಲಿಸಿ ಆದ ಮೇಲೆ ಹೇಳಿದರೆ ಆ ಅವಕಾಶವಿಲ್ಲ. ಅರ್ಧ ಗಂಟೆಯ ನಂತರ ಅವನು ನನ್ನ ಭುಜ ಮುಟ್ಟಿ ಎಬ್ಬಿಸಿ, ‘ಮಾಮಾ, ನನಗ ನಿದ್ದಿ ಬಂದೈತಿ. ಗಾಡಿ ಸೈಡಿಗೆ ಹಾಕೀನಿ’ ಎಂದ. ಆ ವಾಕ್ಯವನ್ನು ಅಂದು ಹತ್ತಾರು ಬಾರಿ ಹೇಳಿಸಿದೆ.

ಕೆಲಸ ಬಿಡು ಎಂದು ನಾನೇಕೆ ಹೇಳಲಿಲ್ಲ ಎಂದು ತಾಯಿ ಕೋಪದಿಂದಲೇ ಕೇಳಿದರು. ಬಿಡು ಎಂದಿದ್ದರೆ ಅವನು ನನ್ನಲ್ಲಿಗೆ ಬರುವುದನ್ನು ಬಿಡುತ್ತಿದ್ದನೇ ಹೊರತು ಲಾರಿಯನ್ನಲ್ಲ, ಇದು ನನ್ನ ದೃಢವಾದ ನಂಬಿಕೆ. ಗೌರವದ ದುಡಿಮೆಯೊಂದನ್ನು ಕೆಟ್ಟದ್ದೆಂದು ಕರೆಯುವ ಹಕ್ಕು ನನಗಿಲ್ಲ. ಕೆಟ್ಟದ್ದು ಆ ಕೆಲಸದಲ್ಲಿ ದಣಿವನ್ನು ಹೇಡಿತನವೆಂದು ಎಣಿಸುವ ಅಭ್ಯಾಸ. ಬೆಳಗಿನ ಜಾವ ಎರಡರಿಂದ ಐದರವರೆಗೆ ದೇಹದ ಎಚ್ಚರ ತಾನಾಗಿಯೇ ಕುಗ್ಗುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಮೂರು ಸೆಕೆಂಡು ಕಣ್ಣು ಮುಚ್ಚಿದರೆ ಲಾರಿ 50 ಮೀಟರ್ ಓಡಿರುತ್ತದೆ. ಹಾಡು, ಗುಟ್ಕಾ, ತೆರೆದ ಕಿಟಕಿ ಇವು ಯಾವುವೂ ನಿದ್ದೆಗೆ ಬದಲಿಯಲ್ಲ; ಚಹಾ ಸ್ವಲ್ಪ ಹೊತ್ತು ತಡೆಯುತ್ತದೆ, ಅಷ್ಟೆ. ಎಚ್ಚರವಿರಲು ಮಾತ್ರೆ ಕೊಡುವವರಿಂದ ದೂರವಿರು ಎಂದು ಅವನಿಗೆ ಕಟ್ಟುನಿಟ್ಟಾಗಿ ಹೇಳಿದೆ.

ರಾತ್ರಿಯೂ ನಿಲ್ಲದೆ ಓಡುವ ಅವಸರಕ್ಕೆ ಕಾನೂನು ಕಾರಣ ಎಂದು ಅವನು ನಂಬಿದ್ದ. ವಾಸ್ತವದಲ್ಲಿ ಇ-ವೇ ಬಿಲ್, ಅಂದರೆ ಸರಕು ಸಾಗಣೆಗೆ ಬೇಕಾದ ಜಿಎಸ್‌ಟಿ ಪತ್ರ, ಸಾಮಾನ್ಯ ಸರಕಿಗೆ 200 ಕಿ.ಮೀ.ಗೆ ಒಂದು ದಿನದಂತೆ ಅವಧಿ ಕೊಡುತ್ತದೆ, 500 ಕಿ.ಮೀ. ಮೀರಿದ ಪುಣೆಯ ದಾರಿಗೆ ಮೂರು ದಿನ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೂ ಐದು ಗಂಟೆಗಳ ದುಡಿಮೆಯ ನಂತರ ಅರ್ಧ ಗಂಟೆಯಾದರೂ ವಿಶ್ರಾಂತಿ ಕೊಡಬೇಕೆನ್ನುತ್ತಿತ್ತು. ಅವಸರ ಬರುವುದು ಮಾಲೀಕರ ಬಾಯಿಂದ ಮತ್ತು, ಹೇಳಲು ಕಷ್ಟವಾದರೂ, ಮನೆಯ ಫೋನಿನಿಂದ. ‘ಯಾವಾಗ ಬರ್ತಿ?’ ಎಂದು ಕೇಳಬೇಡಿ, ‘ಎಷ್ಟೊತ್ತು ಮಲಗಿದ್ದಿ?’ ಎಂದು ಕೇಳಿ ಎಂದು ತಾಯಿಗೆ ಹೇಳಿದಾಗ ಅವರು ಉತ್ತರಿಸಲಿಲ್ಲ.

ಅವನಿಗೆ ಕೊಟ್ಟ ಉಳಿದ ಸಲಹೆ ಸರಳವಾಗಿತ್ತು. ಲೈಸೆನ್ಸ್ ಇಲ್ಲದೆ ಇನ್ನೊಮ್ಮೆ ಲಾರಿಯ ಸ್ಟೇರಿಂಗ್ ಮುಟ್ಟಬಾರದು. ಅವನಲ್ಲಿ ಲಘು ವಾಹನದ ಲೈಸೆನ್ಸ್ ಇತ್ತು. ಅದರಲ್ಲಿ ಒಟ್ಟು ತೂಕ 7,500 ಕೆ.ಜಿ.ವರೆಗಿನ ಸರಕು ಗಾಡಿ ಓಡಿಸಬಹುದೆಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ ಹೇಳಿದೆ. ಆದ್ದರಿಂದ ಮೊದಲ ವರ್ಷ ಜಿಲ್ಲೆಯ ಆಸುಪಾಸಿನಲ್ಲಿ ಸಣ್ಣ ಗಾಡಿ, ಹಗಲಿನ ಓಡಾಟ. ದೂರದ ಲಾರಿಗೆ ಸೇರುವ ಮೊದಲು ಮಾಲೀಕರನ್ನು ಸಂಬಳದ ಜೊತೆಗೆ ಇನ್ನೊಂದು ಪ್ರಶ್ನೆ ಕೇಳಬೇಕು: ರಾತ್ರಿ ನಿದ್ದೆ ಬಂದು ಗಾಡಿ ನಿಲ್ಲಿಸಿದರೆ ನನ್ನ ಭತ್ಯೆ ಕಡಿಯುತ್ತೀರಾ? ಮುಂಗಡ ತೆಗೆದುಕೊಂಡವನು ಈ ಪ್ರಶ್ನೆ ಕೇಳಲಾರ, ಹಾಗಾಗಿ ಮುಂಗಡ ಬೇಡ. ಸ್ವಂತ ಲಾರಿಯ ಸಾಲದ ಮಾತನ್ನು ಐದು ವರ್ಷ ಎತ್ತಬಾರದು ಎಂದಾಗ, ತಂದೆಯನ್ನು ನೆನೆದೋ ಏನೋ, ಅವನು ವಾದಿಸದೆ ಒಪ್ಪಿದ.

ಈಗ ಅವನು ಕೊಪ್ಪಳ ಮತ್ತು ಸಿಂಧನೂರಿನ ನಡುವೆ ಸಣ್ಣ ಸರಕು ಗಾಡಿ ಓಡಿಸುತ್ತಿದ್ದಾನೆ, ರಾತ್ರಿ ಮಲಗುತ್ತಿದ್ದಾನೆ. ತಾಯಿ ಮತ್ತೆ ನನ್ನಲ್ಲಿಗೆ ಬಂದಿಲ್ಲ. ಆ ವಾಕ್ಯವನ್ನು ನಿಜವಾದ ಲಾರಿಯಲ್ಲಿ, ನಿಜವಾದ ಮಾಮಾನ ಮುಂದೆ ಹೇಳುವ ಸಂದರ್ಭ ಅವನಿಗಿನ್ನೂ ಒದಗಿಲ್ಲ. ಭಾರಿ ವಾಹನದ ಲೈಸೆನ್ಸ್ ಕೈಗೆ ಬಂದ ಮೇಲೆ, ಮೊದಲ ರಾತ್ರಿಯ ಲೋಡಿಗೆ ಹೊರಡುವ ಮುನ್ನ ಒಮ್ಮೆ ಬಂದು ಹೋಗು ಎಂದು ಹೇಳಿದ್ದೇನೆ.